ಚೀಟಿಯಮ್ಮ ಕೊಟ್ಟ ಚೀಟಿ

ವಿಶಾಲಾಕ್ಷಮ್ಮನವರು ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ನಾವು ಏನಾದರೂ ಹೇಳಲು ಹೊರಟರೆ ಅವರ ಕನ್ನಡಕ ನಮ್ಮ ತುಟಿಯಿಂದ ಒಂದು ಗೇಣು ದೂರಕ್ಕೆ ಬಂದು ನಿಲ್ಲುತ್ತಿತ್ತು. ನಾಲಿಗೆ ಹಲ್ಲಿಗೆ ತಾಗಿತೋ ಅಂಗುಳಕ್ಕೆ ತಾಗಿತೋ, ತುಟಿ ಎಷ್ಟು ದುಂಡಗಾಯಿತು, ಇಷ್ಟೇ ಅವರ ಧ್ಯಾನ. ನಮ್ಮ ಕಡೆ ಹಾಗೆ ಇನ್ನೊಬ್ಬರ ಬಾಯಿ ನೋಡುವುದು ಎರಡೇ ಸಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಒಂದು, ಕೊನೆಯ ಉಸಿರು ಎಳೆಯುವವರಿಗೆ ನೀರು ಬಿಡುವಾಗ ಇನ್ನೊಂದು. ಅವರನ್ನು ಕಂಡ ಮೊದಲ ದಿನವೇ ನನ್ನ ಮೈ ಜುಮ್ಮೆಂದಿತ್ತು.

ಈ ಸಂಗತಿಯನ್ನು ಇಷ್ಟು ವರ್ಷ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ನನ್ನ ಮೊಮ್ಮಗಳು ಸುಮ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ, ಭಾಷಾಶಾಸ್ತ್ರವಂತೆ. ಹೋದ ಭಾನುವಾರ ಮನೆಗೆ ಬಂದವಳು ನನಗೊಂದು ಸುದ್ದಿ ತಂದಳು. ಅದನ್ನು ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಒಂದು ಸೇರು ರವೆ ಹುರಿದು ಕೇಸರಿಬಾತು ಮಾಡಿ ಬೀದಿಗೆಲ್ಲ ಹಂಚಿದ್ದೇನೆ. ಏನು ವಿಶೇಷ ಎಂದು ಕೇಳಿದವರಿಗೆ ಏನೂ ಇಲ್ಲ ತಿನ್ನಿ ಅಂದಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ಕೈ ನನ್ನದು, ಅಕ್ಷರ ಸೊಟ್ಟಗಿದ್ದರೆ ಇರಲಿ. ಆ ಸುದ್ದಿ ಏನೆಂದು ತಿಳಿಯಬೇಕಾದರೆ ಮೊದಲು ವಿಶಾಲಾಕ್ಷಮ್ಮನವರು ಯಾರೆಂದು ತಿಳಿಯಬೇಕು.

ಅವರು ತೆರಕಣಾಂಬಿಗೆ ಬಂದದ್ದು ಒಂದು ಕಾರ್ತಿಕದಲ್ಲಿ. ಕನ್ನಡದ ಸೀಮೆಗಳೆಲ್ಲ ಸೇರಿ ಒಂದು ರಾಜ್ಯವಾಗುತ್ತದಂತೆ ಎಂದು ಜಗಲಿ ಜಗಲಿಯಲ್ಲೂ ಮಾತು ನಡೆಯುತ್ತಿದ್ದ ಕಾಲ ಅದು. ಮೈಸೂರಿನಿಂದ ಚಾಮರಾಜನಗರದವರೆಗೆ ರೈಲು, ಅಲ್ಲಿಂದ ಬಸ್ಸು. ಎತ್ತರದ ತೆಳ್ಳಗಿನ ಹೆಂಗಸು, ಇಪ್ಪತ್ತಾರು ವರ್ಷವಾದರೂ ಮದುವೆಯಿಲ್ಲ. ಕೈಯಲ್ಲಿ ಗಂಡಸರ ಕೊಡೆ, ಕೂಲಿಯವನ ತಲೆಯ ಮೇಲೆ ಒಂದು ತಗಡಿನ ಪೆಟ್ಟಿಗೆ. ಚಾಮರಾಜನಗರದ ಮಂಡಿಯ ಪರಿಚಯಸ್ಥರೊಬ್ಬರು ನಮ್ಮ ಮಾವನವರಿಗೆ ಕಾಗದ ಬರೆದಿದ್ದರಿಂದ ನಮ್ಮ ಮನೆಯ ಪಡಸಾಲೆಯ ಪಕ್ಕದ ಕೋಣೆ ಅವರಿಗಾಯಿತು. ಪುಣೆಯಲ್ಲಿ ದೊಡ್ಡ ಓದು ಓದುತ್ತಿದ್ದರು. ಊರೂರು ತಿರುಗಿ ಜನ ಆಡುವ ಮಾತು ಬರೆದುಕೊಳ್ಳುವುದೇ ಆ ಓದು. ಉಮ್ಮತ್ತೂರು, ಸಂತೆಮರಹಳ್ಳಿ ಮುಗಿಸಿಕೊಂಡು ನಮ್ಮೂರಿಗೆ ಬಂದಿದ್ದರು.

ಆಡುವ ಮಾತನ್ನು ಬರೆದುಕೊಳ್ಳಲು ಇಷ್ಟು ಓದಿದವಳು ಯಾಕೆ ಬೇಕು ಎಂದು ಊರಿಗೆ ಅರ್ಥವಾಗಲಿಲ್ಲ. ಸರ್ಕಾರದವಳೇ ಇರಬೇಕು ಎಂದರು. ಇವಳು ಬರೆದುಕೊಂಡು ಹೋದದ್ದನ್ನು ನೋಡಿ ನಮ್ಮನ್ನು ಮದ್ರಾಸಿಗೆ ಹಾಕುವುದೋ ಮಲೆಯಾಳಕ್ಕೆ ಹಾಕುವುದೋ ಮೇಲಿನವರು ತೀರ್ಮಾನ ಮಾಡುತ್ತಾರೆ ಎಂದು ಹೋಟೆಲಿನಲ್ಲಿ ಒಬ್ಬರು ಖಂಡಿತವಾಗಿ ಹೇಳಿದ್ದರಂತೆ. ಅದಾದ ಮೇಲೆ ನಾಲ್ಕು ದಿನ ಊರಿನ ಗಂಡಸರು ಅವರ ಮುಂದೆ ಹರಿಕಥೆ ದಾಸರ ಹಾಗೆ ಪುಸ್ತಕದ ಕನ್ನಡ ಮಾತಾಡಿದರು.

ಪೆಟ್ಟಿಗೆಯ ತುಂಬ ಅಂಗೈಯಗಲದ ಚೀಟಿಗಳು. ಒಂದು ಮಾತಿಗೆ ಒಂದು ಚೀಟಿ. ಅದಕ್ಕೇ ಊರಿನವರು ಅವರಿಗೆ ಚೀಟಿಯಮ್ಮ ಎಂದು ಹೆಸರಿಟ್ಟದ್ದು. ತಲೆ, ಕೂದಲು, ಕಣ್ಣು, ಮೂಗು ಎಂದು ಅವರ ಪಟ್ಟಿ ಶುರುವಾಗುತ್ತಿತ್ತು. ಆಮೇಲೆ ಅಪ್ಪ, ಅವ್ವ, ನೆಂಟರು. ಆಮೇಲೆ ಹೊಲ ಮನೆ. ಒಟ್ಟು ಮುನ್ನೂರು ಚಿಲ್ಲರೆ ಮಾತು. "ಒಂದು ಕಡೆ ಖಾಲಿ ಬಿಟ್ಟರೂ ನಮ್ಮ ಗುರುಗಳು ಮುಖದ ಮೇಲೆ ಎಸೀತಾರೆ" ಎಂದು ನಗುತ್ತಿದ್ದರು. ಪ್ರತಿ ಮಾತನ್ನೂ ಮೂರು ಸಲ ಹೇಳಿಸುತ್ತಿದ್ದರು. "ಇನ್ನೊಂದು ಸಲ ಅನ್ನಿ" ಎನ್ನುವುದು ಅವರ ಬಾಯಲ್ಲಿ ಉಸಿರಿನ ಹಾಗೆ ಬರುತ್ತಿತ್ತು. ಬರೆಯುತ್ತಿದ್ದದ್ದು ಕನ್ನಡದಲ್ಲಲ್ಲ, ಇಂಗ್ಲಿಷಿನಲ್ಲೂ ಅಲ್ಲ. ತಲೆಕೆಳಗಾದ ಅಕ್ಷರ, ಬಾಲವಿದ್ದ ಅಕ್ಷರ, ಕೊಕ್ಕೆ ಹಾಕಿದ ಅಕ್ಷರ. ಮಂತ್ರವಾದಿಗಳು ಯಂತ್ರದ ತಗಡಿನ ಮೇಲೆ ಬರೆಯುತ್ತಾರಲ್ಲ, ಥೇಟು ಹಾಗೆ. ನಮ್ಮತ್ತೆ ಒಂದು ಸಲ ಬಗ್ಗಿ ನೋಡಿದವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಮಾತು ಹೇಳುವವರಿಗೆ ಹಲ್ಲು ಪೂರ್ತಿ ಇರಬೇಕಿತ್ತು, ಹಲ್ಲು ಬಿದ್ದವರ ಮಾತು ಸೋರುತ್ತದಂತೆ. ಹಾಗಾಗಿ ಮೊದಲು ಎಲ್ಲರ ಹಲ್ಲು ನೋಡಿದರು. ನಮ್ಮ ಬೀದಿಯ ಸಿದ್ದಮಲ್ಲಪ್ಪನಿಗೆ ಅರವತ್ತಾಗಿದ್ದರೂ ಒಂದು ಹಲ್ಲೂ ಅಲ್ಲಾಡಿರಲಿಲ್ಲ. ಅವನು ಜಗಲಿಯ ಮೇಲೆ ಬಾಯಿ ತೆರೆದು ಕೂತು, "ನೋಡವ್ವ ನೋಡು, ಸಂತೆಮರಳ್ಳೀಲಿ ಎತ್ ನೋಡ್ದಂಗೆ ನೋಡು. ಬಾಯಿ ಕೂಡಿ ವಯ್ಸಾಯ್ತು, ಆದ್ರೂ ಇನ್ನ ಎಲ್ಡು ಬೇಸಾಯ ಉಳ್ತೀನಿ" ಎಂದು ಬೀದಿಯನ್ನೇ ನಗಿಸಿದ. ಎಂಟು ದಿನ ಅವರಿಗೆ ಮಾತು ಹೇಳಿದ. ಪಟ್ಟಿಯ ಬಾಲವೊಂದು ಬಿಟ್ಟು ಮುನ್ನೂರೂ ಮುಗಿಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಎದ್ದವನು ಬಾಯಿ ತೆರೆದರೆ ಮಾತಿಲ್ಲ. ಬಾಯಿ ಆಡುತ್ತದೆ, ಕಣ್ಣು ಆಡುತ್ತದೆ, ದನಿ ಮಾತ್ರ ಇಲ್ಲ. ಸಂಜೆಗೆ ಹೋಗಿಬಿಟ್ಟ.

ಈಗಿನವರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ, ತಲೆಯಲ್ಲಿ ರಕ್ತ ನಿಂತಿತು ಅನ್ನುತ್ತಾರೆ. ಅವತ್ತು ಊರು ಹೇಳಿದ್ದು ಒಂದೇ, ಇದ್ದ ಮಾತನ್ನೆಲ್ಲ ಬರೆಸಿಬಿಟ್ಟ, ಒಳಗೆ ಏನೂ ಉಳಿಯಲಿಲ್ಲ. ಹದಿನೈದು ದಿನ ಕಳೆದು ಹೂವಿನ ಪುಟ್ಟತಾಯಿಯ ಗಂಟಲು ಕಟ್ಟಿತು. ಅವಳೂ ಮಾತು ಹೇಳಿದವಳೇ.

ಸಿದ್ದಮಲ್ಲಪ್ಪ ಹೋದ ದಿನ ಅವನ ಮನೆಗೆ ವಿಶಾಲಾಕ್ಷಮ್ಮನವರೂ ಬಂದಿದ್ದರು. ಅವರಿಗೆ ನಿಜವಾಗಿ ದುಃಖವಾಗಿತ್ತು, ಮೂಗು ಕೆಂಪಾಗಿತ್ತು. ಆದರೆ ಹೆಂಗಸರು ಹಾಡಿ ಅಳುವುದಕ್ಕೆ ಶುರು ಮಾಡಿದಾಗ ಅತ್ತೆಯ ಕಣ್ಣು ತಪ್ಪಿಸಿ ಬಂದಿದ್ದ ನಾನು ಪಕ್ಕದಲ್ಲೇ ಕೂತು ನೋಡಿದೆ. ಅವರ ಬಲಗೈ ಸೆರಗಿನೊಳಗೆ ಹೋಯಿತು. ಸೆರಗಿನ ಕೆಳಗೆ ಚೀಟಿ, ಚೀಟಿಯ ಮೇಲೆ ಪೆನ್ಸಿಲು ಆಡುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಲೇ ಇತ್ತು, ಕೈ ಬರೆಯುತ್ತಲೇ ಇತ್ತು. ನನ್ನೊಬ್ಬಳಿಗೆ ಕಂಡಿತು ಎಂದುಕೊಂಡಿದ್ದೆ, ಇಡೀ ಊರಿಗೆ ಕಂಡಿತ್ತು. ಮರುದಿನದಿಂದ ಅವರು ಬೀದಿಗೆ ಬಂದರೆ ಬಾಗಿಲುಗಳು ಮುಚ್ಚಿಕೊಂಡವು. ಹೆಂಗಸರು ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ಉಳಿದವಳು ನಾನು. ಹದಿನೆಂಟು ವರ್ಷ, ಮೂವತ್ತೆರಡು ಹಲ್ಲು. ಆರು ತಿಂಗಳ ಬಸುರಿ.

ಆ ಬಸುರಿನ ವಿಷಯ ಹೇಳಲೇಬೇಕು. ಮೊದಲನೆಯದು ಐದು ತಿಂಗಳಿಗೆ ಜಾರಿಹೋಗಿತ್ತು. ಎರಡನೆಯದು ಹೆಣ್ಣು, ಒಂಬತ್ತು ದಿನ ಇತ್ತು. ಇದು ಮೂರನೆಯದು. ಇದೂ ನಿಲ್ಲದಿದ್ದರೆ ನನ್ನ ಯಜಮಾನರಿಗೆ ಇನ್ನೊಂದು ಹೆಣ್ಣು ನೋಡುವುದೆಂದು ನೆಂಟರಲ್ಲಿ ಮಾತಾಗಿತ್ತು. ನಮ್ಮತ್ತೆ ಅದನ್ನು ನನ್ನ ಎದುರು ಆಡಲಿಲ್ಲ, ಆದರೆ ಆಡಬೇಡಿ ಎಂದು ನೆಂಟರಿಗೆ ಹೇಳಿದ್ದನ್ನೂ ನಾನು ಕೇಳಲಿಲ್ಲ. ನನ್ನನ್ನು ಗಾಜಿನ ಹಾಗೆ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಮೊದಲಿಂದಲೂ ಒಂದು ಪದ್ಧತಿ ಇತ್ತು, ನಾನು ಬಸುರಾದ ಮೇಲೆ ಇನ್ನೂ ಬಿಗಿಯಾಯಿತು. ಕೆಟ್ಟ ಮಾತು ಹೊಸ್ತಿಲ ಒಳಗೆ ಬರಕೂಡದು. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಿತು ಅನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು ಅನ್ನಬೇಕು. ದೀಪ ಆರಿಸು ಎನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಯಾರಾದರೂ ತೀರಿಕೊಂಡರೆ ಶಿವನ ಪಾದ ಸೇರಿದರು, ಅಷ್ಟೇ. ಸಿದ್ದಮಲ್ಲಪ್ಪನ ಸುದ್ದಿಯನ್ನು ನಮ್ಮತ್ತೆ ನನಗೆ ಹೇಳಿದ್ದೂ ಹಾಗೆಯೇ.

ವಿಶಾಲಾಕ್ಷಮ್ಮನವರಿಗೆ ಈ ಮಾತುಗಳೆಂದರೆ ಸಕ್ಕರೆ. ಅವಕ್ಕೇ ಬೇರೆ ಕಟ್ಟು ಮಾಡಿದ್ದರು. ಅತ್ತೆ ಬೇಡವೆಂದರೂ ಮಾವನವರು, ಮನೆಗೆ ಬಂದವರು ಬರಿಗೈಯಲ್ಲಿ ಹೋಗಬಾರದು, ಸೊಸೆ ಮಧ್ಯಾಹ್ನದ ಹೊತ್ತು ಒಂದೊಂದು ಗಂಟೆ ಕೂರಲಿ ಎಂದು ಒಪ್ಪಿದರು. ದೀಪ ಹಚ್ಚುವುದರೊಳಗೆ ಏಳಬೇಕು ಎನ್ನುವುದು ಅತ್ತೆಯ ಕರಾರು.

ಹೆದರಿಕೊಂಡೇ ಕೂತೆ. ಆದರೆ ಎರಡು ದಿನದಲ್ಲಿ ನಾನೇ ಮಧ್ಯಾಹ್ನಕ್ಕೆ ಕಾಯತೊಡಗಿದೆ. ಯಾಕೆಂದು ಹೇಳುತ್ತೇನೆ. ನನ್ನ ತವರು ಉಮ್ಮತ್ತೂರಿನ ಸ್ಕೂಲಿನಲ್ಲಿ ನಾನು ಹೂವು ಎನ್ನುವುದಕ್ಕೆ ಊವು ಅಂದೆನೆಂದು ಮೇಷ್ಟ್ರು ಬೆರಳಿನ ಗೆಣ್ಣಿಗೆ ಹೊಡೆದಿದ್ದರು. ಅವತ್ತಿನಿಂದ ದೊಡ್ಡವರ ಮುಂದೆ ಬಾಯಿ ತೆರೆಯಲು ನನಗೆ ನಾಚಿಕೆ. ಇವರ ಮುಂದೆಯೂ ತಡೆದು ತಡೆದು, ಪುಸ್ತಕದ ಹಾಗೆ ಹೂವು ಎಂದೆ. ಅವರು ಪೆನ್ಸಿಲು ಕೆಳಗಿಟ್ಟರು.

"ಅದು ನಿಮ್ಮ ಮೇಷ್ಟ್ರ ಮಾತು, ಗೌರಮ್ಮ. ನಿಮ್ಮ ಮಾತು ಕೊಡಿ."

"ನಮ್ದು ತಪ್ಪು ಮಾತು ಕಣ್ ಮೇಡಮ್ಮಾರೆ."

"ತಪ್ಪು ಅನ್ನೋದೇ ಇಲ್ಲ. ನೀವು ಅಂದದ್ದೇ ಸರಿ. ನಾನು ನಿಮ್ಮ ಹತ್ರ ಕಲಿಯೋಕೆ ಬಂದಿದೀನಿ."

ಅಷ್ಟು ಓದಿದವರು ಹಾಗೆ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ನಾನು ತಡೆಯಲಿಲ್ಲ. ತವರಿನದು, ಗಂಡನ ಮನೆಯದು, ಮಲೆಯಾಳದಿಂದ ಮೆಣಸು ತರುವವರ ಬಾಯಿಂದ ಕೇಳಿದ್ದು, ಎಲ್ಲವನ್ನೂ ಸುರಿದೆ. ಅವರು ಒಂದು ಪುಟ್ಟ ಕನ್ನಡಿ ಹಿಡಿದು ನನ್ನ ಹಾಗೆಯೇ ನಾಲಿಗೆ ಮಡಿಸಲು ನೋಡಿ ಸೋಲುತ್ತಿದ್ದರು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ನಮ್ಮತ್ತೆ ಅಡುಗೆಮನೆಯಿಂದ, "ಬಾಯಿ ಕಾಯ್ಕಳಮ್ಮಿ" ಎಂದು ಒಂದು ಮಾತು ಎಸೆಯುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಅವರು ಪುಣೆಗೆ ಮರಳಬೇಕಿತ್ತು. ಕೊನೆಯ ವಾರ ಗಡಿಬಿಡಿಯಾಯಿತು. ಅವತ್ತು ಮೋಡ ಮುಚ್ಚಿಕೊಂಡಿತ್ತು, ಹೊತ್ತು ಎಷ್ಟಾಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಪಟ್ಟಿಯ ಬಾಲದಲ್ಲಿದ್ದೆವು. ಒಂದು ಹೆಸರು ಹಿಡಿದು ಅದು ಏನೇನು ಮಾಡುತ್ತದೆ ಎಂದು ಹೇಳುತ್ತಾ ಹೋಗಬೇಕು. ಅವತ್ತು ಹಿಡಿದ ಹೆಸರು ಮಗು. ಮಗು ಅಳುತ್ತದೆ ಎನ್ನುವುದಕ್ಕೆ ಏನಂತೀರಿ, ನಗುತ್ತದೆ ಎನ್ನುವುದಕ್ಕೆ ಏನಂತೀರಿ ಎಂದು ಅವರು ಚೀಟಿಯಿಂದ ತಲೆ ಎತ್ತದೆ ಕೇಳುತ್ತಿದ್ದರು. ನಾನು ರಾಗಿ ಬೀಸುವ ಲಯದಲ್ಲಿ ಹೇಳುತ್ತಿದ್ದೆ. ಮಗು ಅತ್ತದೆ. ಮಗು ನಗ್ತದೆ. ಮಗು ಉಂಡದೆ. ಮಗು ಮನೀಕತ್ತದೆ. ಆಮೇಲಿನದನ್ನು ಅವರು ಕೇಳಿದರು. ನಾನು ಅಂದುಬಿಟ್ಟೆ.

"ಮಗು ಸತ್ತೋಯ್ತು."

"ಇನ್ನೊಂದು ಸಲ ಅನ್ನಿ."

"ಮಗು ಸತ್ತೋಯ್ತು."

"ಇನ್ನೊಂದು ಸಲ."

ಬಾಯಿ ತೆರೆದಿದ್ದೆ. ಹೊಟ್ಟೆಯಲ್ಲಿ ಮಗು ಒದೆಯಿತು. ತಲೆ ಎತ್ತಿದರೆ ಹೊಸ್ತಿಲ ಮೇಲೆ ನಮ್ಮತ್ತೆ. ಕೈಯಲ್ಲಿ ಹಚ್ಚಿದ ದೀಪ. ದೇವರ ಮುಂದೆ ಇಡಲು ತಂದದ್ದು, ಅಲ್ಲೇ ನಿಂತುಬಿಟ್ಟಿತ್ತು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ದೀಪವನ್ನು ಗೂಡಿನಲ್ಲಿಟ್ಟು, ಕೈ ಒರೆಸಿಕೊಂಡು ವಿಶಾಲಾಕ್ಷಮ್ಮನವರ ಮುಂದೆ ಕೈ ಚಾಚಿದರು.

"ಆ ಚೀಟಿ ಕೊಡಿ."

"ಅಮ್ಮಾ, ಅದು ಪಟ್ಟಿಯಲ್ಲಿರೋ ಮಾತು. ಎಲ್ಲ ಊರಲ್ಲೂ ಕೇಳಿದೀನಿ."

"ಎಲ್ಲಾ ಊರ್ಗೂ ಬತ್ತದೆ ಅದು. ನೀವ್ಯಾಕವ್ವ ಕೂಗಿ ಕರುದ್ರಿ?"

ವಿಶಾಲಾಕ್ಷಮ್ಮನವರು ಏನೋ ಹೇಳಲು ನನ್ನ ಕಡೆ ತಿರುಗಿದರು. ನನ್ನ ಎರಡು ಕೈಯೂ ಹೊಟ್ಟೆಯ ಮೇಲಿದ್ದವು. ಎರಡು ತಿಂಗಳಲ್ಲಿ ಮೊದಲ ಸಲ ಅವರು ನನ್ನ ಬಾಯಿ ಬಿಟ್ಟು ಕಣ್ಣು ನೋಡಿದರು. ಮುಖ ಬೂದಿಯಾಯಿತು. ನಾನು ಬಸುರಿ ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಹೊತ್ತಿನಲ್ಲಿ ಅವರಿಗೆ ಕಿವಿ ಮಾತ್ರ ಇತ್ತು, ಅಷ್ಟೇ. ಒಂದು ಚೀಟಿ ಎತ್ತಿ ಕೊಟ್ಟರು.

ಅತ್ತೆ ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಕೊಕ್ಕೆ, ಬಾಲ, ತಲೆಕೆಳಗು. "ಇದ್ರಲ್ಲಿ ಅದೇ ಬರ್ದದೆ ಅಂತ ಯಾರು ಕಂಡೋರು?"

"ಅದೇ ಅಮ್ಮಾ. ನನ್ನ ಮಾತು ನಂಬಿ."

"ಮಾತ ಪೆಟ್ಗೇಲಿಟ್ ಬೀಗ ಹಾಕೋಳು ನೀನು. ನಂಬೋಳು ನಾನಾ?" ಅಲ್ಲಿಯವರೆಗೂ ನೀವು ಅನ್ನುತ್ತಿದ್ದ ಅತ್ತೆ ಅಲ್ಲಿ ನೀನು ಅಂದರು. ಚೀಟಿಯನ್ನು ಒಲೆಗೆ ಹಾಕಿದರು. ಉರಿದದ್ದು ಒಂದು ಚಿಟಿಕೆಯ ಹೊತ್ತು. ಆಮೇಲೆ ವಿಭೂತಿ ತಂದು ನನ್ನ ಹಣೆಗೂ ಹೊಟ್ಟೆಗೂ ಬಳಿದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ ಎಂದು ಮಾವನವರು ತಾವೇ ಹೇಳಿದರು. ಯಜಮಾನರು ಪೆಟ್ಟಿಗೆ ಹೊತ್ತರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ವಿಶಾಲಾಕ್ಷಮ್ಮನವರು ಹತ್ತಿರ ಬಂದು ನನ್ನ ಕೈಗೆ ಒಂದು ಪೋಸ್ಟ್ ಕಾರ್ಡು ಇಟ್ಟರು. ಒಂದು ಕಡೆ ಅವರದೇ ಕೈಯಲ್ಲಿ ಪುಣೆಯ ವಿಳಾಸ. ಇನ್ನೊಂದು ಕಡೆ ಖಾಲಿ.

"ಮಗು ಹುಟ್ಟಿದ ಮೇಲೆ ಒಂದೇ ಒಂದು ಸಾಲು ಬರೀರಿ, ಗೌರಮ್ಮ. ನೀವು ಹೇಗೆ ಅಂತೀರೋ ಹಾಗೇ ಬರೀರಿ. ಅದು ಬರೋವರೆಗೂ ನನಗೆ..." ಅಷ್ಟಕ್ಕೆ ನಿಲ್ಲಿಸಿ ಹೊರಟರು. ಬೀದಿಯ ಉದ್ದಕ್ಕೂ ಒಂದು ಬಾಗಿಲೂ ತೆರೆಯಲಿಲ್ಲ.

ನಾನು ಬರೆಯಲಿಲ್ಲ.

ಶಿವರಾತ್ರಿಗೆ ಮೂರು ದಿನ ಇರುವಾಗ ನೋವು ಬಂತು. ಗಂಡು ಮಗು. ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಳಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ಬೆನ್ನಿಗೆ ತಟ್ಟುತ್ತಿದ್ದಳು, ನಮ್ಮತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನನ್ನ ಕಿವಿಯಲ್ಲಿ ಒಂದೇ ದನಿ, ಇನ್ನೊಂದು ಸಲ ಅನ್ನಿ, ಇನ್ನೊಂದು ಸಲ. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ, ರಕ್ತ ಬಂತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಮಗು ಅತ್ತಿತು.

ಮಾದೇವ ಎಂದು ಹೆಸರಿಟ್ಟೆವು. ಆದರೆ ನನ್ನ ಭಯ ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದ ಶುರುವಾಯಿತು. ಕೊಟ್ಟದ್ದು ಅದೇ ಚೀಟಿಯೋ, ಬೇರೆಯದೋ? ಅದೇ ಆದರೂ, ಚೀಟಿ ಸುಟ್ಟರೆ ಅವರ ತಲೆಯಲ್ಲಿದ್ದದ್ದು ಸುಟ್ಟೀತೆ? ರೈಲಿನಲ್ಲಿ ಕೂತು ಇನ್ನೊಂದು ಬರೆದುಕೊಳ್ಳುವುದಕ್ಕೆ ಎಷ್ಟು ಹೊತ್ತು? ಒಂದೂ ಖಾಲಿ ಬಿಡುವಂತಿಲ್ಲ ಎಂದು ಅವರೇ ಹೇಳಿದ್ದರಲ್ಲ. ಮಗುವಿಗೆ ದಡಾರ ಬಂದಾಗ ಪುಣೆಯ ಯಾವುದೋ ಬೀರುವಿನಲ್ಲಿ ಆ ಚೀಟಿ ಕೂತಿದೆ ಅನ್ನಿಸಿತು. ಹುಡುಗ ಗುಂಡ್ಲುಪೇಟೆಯ ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ಸಂಜೆಯ ಬಸ್ಸು ಅರ್ಧ ಗಂಟೆ ತಡವಾದರೆ ಸಾಕು, ಬೀರುವಿನ ಬಾಗಿಲು ತೆರೆದ ಹಾಗೆ ಅನ್ನಿಸುತ್ತಿತ್ತು. ಅವನ ಮದುವೆಯ ದಿನವೂ ಹಾಗೇ. ಎರಡು ಸಲ ಅಂದಾಗಿದೆ, ಮೂರನೆಯದು ಎಲ್ಲೋ ಬಾಕಿ ಇದೆ.

ಕಾರ್ಡನ್ನು ವಿಭೂತಿ ಡಬ್ಬಿಯ ಅಡಿಯಲ್ಲಿಟ್ಟಿದ್ದೆ. ಎಷ್ಟೋ ಸಲ ಪೆನ್ನು ಹಿಡಿದೆ. ಮಗು ಬದುಕಿದೆ ಎಂದು ಬರೆದರೆ ಈ ಕಾರ್ಡೂ ಅದೇ ಪೆಟ್ಟಿಗೆಗೆ ಹೋಗುತ್ತದೆ, ಆ ಚೀಟಿಯ ಪಕ್ಕದಲ್ಲೇ ಕೂರುತ್ತದೆ ಎಂದು ಕೈ ಹಿಂದೆ ಬರುತ್ತಿತ್ತು. ಅವರು ಅಲ್ಲಿ ಕಾಯುತ್ತಿರಬಹುದು ಎಂದು ಗೊತ್ತಿದ್ದೂ ಬರೆಯಲಿಲ್ಲ. ಇದು ನನ್ನ ತಪ್ಪು. ತಪ್ಪು ಅನ್ನೋದೇ ಇಲ್ಲ ಎಂದು ಅವರು ಹೇಳಿದ್ದು ಮಾತಿಗೆ, ಇದಕ್ಕಲ್ಲ.

ಈಗ ಸುದ್ದಿಗೆ ಬರುತ್ತೇನೆ. ಸುಮ ಮಾದೇವನ ಕೊನೆಯ ಮಗಳು. ನಮ್ಮ ಸೀಮೆಯ ಮಾತಿನ ಮೇಲೆ ಹಿಂದೆ ಯಾರಾದರೂ ಬರೆದಿದ್ದಾರೆಯೇ ಎಂದು ಅವಳು ಲೈಬ್ರರಿಯಲ್ಲಿ ಹುಡುಕಿದಳಂತೆ. ದಪ್ಪ ರಟ್ಟಿನ ಒಂದು ಪುಸ್ತಕ ಸಿಕ್ಕಿತಂತೆ. ಟೈಪು ಮಾಡಿದ್ದು, ಹಾಳೆ ಹಳದಿಯಾಗಿದೆ. ಬರೆದವರು ವಿಶಾಲಾಕ್ಷಿ. ಕೊನೆಯಲ್ಲಿ ಮುನ್ನೂರು ಚಿಲ್ಲರೆ ಮಾತಿನ ಪಟ್ಟಿ, ಉಮ್ಮತ್ತೂರಿಗೆ ಒಂದು ಸಾಲು, ಸಂತೆಮರಹಳ್ಳಿಗೆ ಒಂದು, ತೆರಕಣಾಂಬಿಗೆ ಒಂದು. ಆ ಅಕ್ಷರಗಳನ್ನು ಸುಮ ಈಗ ಓದಬಲ್ಲಳು. ಅಡುಗೆಮನೆಯಲ್ಲಿ ಕೂತು, "ಅಜ್ಜಿ, ನೀನು ಊವು ಅಂತೀಯಲ್ಲ, ಅದನ್ನ ಹಾಗೇ ಬರೆದವ್ರೆ ಕಣಜ್ಜಿ" ಎಂದು ತಾನು ಬರೆದುಕೊಂಡು ಬಂದದ್ದನ್ನು ಓದತೊಡಗಿದಳು. ನನ್ನ ಕೈಯಲ್ಲಿದ್ದ ಸೌಟು ನಿಂತಿತು.

ಕೊನೆಯ ಹಾಳೆಯಲ್ಲಿ ಏನಿದೆ ಎಂದು ಕೇಳಿದೆ. ಆ ಮಾತು ಯಾವುದೆಂದು ನಾನು ಆಡಲಿಲ್ಲ, ಮಗು ಮಲಗುತ್ತದೆ ಆದಮೇಲಿನದು ಅಂದೆ. ಅವಳು ಬೆರಳಿಟ್ಟು ನೋಡಿದಳು.

"ಇದೊಂದೇ ಅಜ್ಜಿ ವಿಚಿತ್ರ. ಉಮ್ಮತ್ತೂರಿಗೆ ಅದೆ, ಸಂತೆಮರಳ್ಳಿಗೆ ಅದೆ. ತೆರಕಣಾಂಬಿಗೆ ಮಾತ್ರ ಬರೀ ಗೆರೆ. ಇಡೀ ಪುಸ್ತಕದಲ್ಲಿ ಇದೊಂದೇ ಖಾಲಿ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಅದೆ, ಈ ಮನೆಯಲ್ಲಿ ಈ ಮಾತು ಆಡುವುದಿಲ್ಲ ಅಂತ."

ಗುರುಗಳು ಅದನ್ನು ಅವರ ಮುಖದ ಮೇಲೆ ಎಸೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಚೀಟಿ ಸುಟ್ಟಿದ್ದು ನಮ್ಮತ್ತೆ, ತಲೆಯೊಳಗಿನದನ್ನು ಸುಟ್ಟುಕೊಂಡದ್ದು ಅವರೇ. ಅಷ್ಟು ವರ್ಷ ನಾನು ಹೆದರಿದ್ದು ಒಂದು ಗೆರೆಗೆ. ಹೊರಗೆ ಜಗಲಿಯ ಮೇಲೆ ಮಾದೇವ ಪೇಪರು ಓದುತ್ತಾ ಕೆಮ್ಮುತ್ತಿದ್ದ. ಹೋಗಿ ಅವನ ಬೋಳು ತಲೆಯ ಮೇಲೆ ಕೈಯಿಟ್ಟೆ. ಏನವ್ವ ಎಂದು ಕೇಳಿದ. ಏನಿಲ್ಲ ಬುಡು ಎಂದು ಒಳಗೆ ಬಂದು ರವೆ ಡಬ್ಬಿ ಇಳಿಸಿದೆ.

ವಿಶಾಲಾಕ್ಷಮ್ಮನವರು ಈಗಿಲ್ಲ. ಉತ್ತರದ ಕಡೆ ಯಾವುದೋ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದರಂತೆ, ಕೆಲವು ವರ್ಷದ ಹಿಂದೆ ಶಿವನ ಪಾದ ಸೇರಿದರಂತೆ. ಸುಮಳ ಮೇಷ್ಟ್ರು ಹೇಳಿದ್ದು.

ನಿನ್ನೆ ಡಬ್ಬಿಯ ಅಡಿಯಿಂದ ಕಾರ್ಡು ತೆಗೆದೆ. ವಿಳಾಸದ ಶಾಯಿ ಮಾಸಿದೆ, ವಿಭೂತಿಯ ವಾಸನೆ ಹಿಡಿದಿದೆ. ಖಾಲಿ ಇದ್ದ ಕಡೆ ಒಂದು ಸಾಲು ಬರೆದು, ಈ ವಾರವೂ ಬಂದಿದ್ದ ಸುಮಳ ಕೈಗೆ ಕೊಟ್ಟಿದ್ದೇನೆ. ಸೋಮವಾರ ಲೈಬ್ರರಿಗೆ ಹೋದಾಗ ಆ ಪುಸ್ತಕದ ಕೊನೆಯ ಹಾಳೆಯಲ್ಲಿ, ಗೆರೆ ಇರುವ ಕಡೆ ಇಟ್ಟು ಬರುತ್ತಾಳೆ. ಅವರು ಹೇಳಿದ ಹಾಗೆಯೇ, ನಾನು ಅನ್ನುವ ಹಾಗೆಯೇ ಬರೆದಿದ್ದೇನೆ.

"ಮೇಡಮ್ಮಾರೆ, ಗಂಡು ಮಗ ಉಟ್ದ. ಬದುಕವ್ನೆ."